ಎಲ್ಲಮ್ಮ, ಗಂಡನ ಹೆಸರು ಪುಟ್ಟಪ್ಪ

ನವೆಂಬರ್ 5, ಬುಧವಾರ

ಸಾವಿರದ ಎಂಬತ್ತೇಳು ಜನ! ಇವತ್ತು ಮೆಟ್ಟೂರಿಗೆ ಕರೆಸಿ, ಆರಿಹೋದ ಟೀ ಒಂದು ಲೋಟ ಕೊಟ್ಟು, ಸಾವಿರದ ಎಂಬತ್ತೇಳು ಜನರನ್ನು ನನ್ನ ತಲೆಗೆ ಕಟ್ಟಿ ಕಳಿಸಿದರು. ಬಾಲವಾಡಿಯಲ್ಲಿ ಇಪ್ಪತ್ತೆರಡು ಮಕ್ಕಳ ಮೂಗು ಒರೆಸುವುದು ಸಾಲದು ಅಂತ ಈಗ ಬಿ.ಎಲ್.ಓ., ಅಂದರೆ ಒಂದು ಬೂತಿನ ಓಟರ್ ಪಟ್ಟಿ ನೋಡಿಕೊಳ್ಳುವ ಕೆಲಸ ಬೇರೆ. ಓಟಿನ ಪಟ್ಟಿಯನ್ನು ಬುಡದಿಂದ ಹೊಸದಾಗಿ ಮಾಡುತ್ತಾರಂತೆ. ನಾನು ಮನೆಮನೆಗೆ ಹೋಗಿ ಫಾರಂ ಕೊಡಬೇಕು, ತುಂಬಿಸಿ ವಾಪಸ್ ತರಬೇಕು, ಫೋನಿನಲ್ಲಿ ಏರಿಸಬೇಕು. ಇಪ್ಪತ್ತು ಚಿಲ್ಲರೆ ವರ್ಷದ ಹಿಂದಿನ ಹಳೇ ಪಟ್ಟಿಯಲ್ಲಿ ಅವರದೋ ಅವರಪ್ಪ ಅಮ್ಮನದೋ ಹೆಸರಿದ್ದರೆ ಬಚಾವು. ಇಲ್ಲದಿದ್ದರೆ ನಾನು ಈ ದೇಶದವನೇ ಅಂತ ಕಾಗದ ತಂದು ತೋರಿಸಬೇಕು. ತೋರಿಸುವುದು ಅವರ ಹೊಣೆ, ನಮ್ಮದಲ್ಲ ಅಂತ ಅಧಿಕಾರಿ ಇಳಂಗೋ ಸಾರ್ ಮೂರು ಸಲ ಹೇಳಿದರು. ಇನ್ನೂ ನಲವತ್ತಾಗದ ಮನುಷ್ಯ, ಇಸ್ತ್ರಿ ಮುರಿಯದ ಅಂಗಿ, ಮಾತು ಚುರುಕು.

ಅವರು ಹೇಳಿದ್ದೂ ಸರಿಯೇ. ನಮ್ಮ ಜನಕ್ಕೆ ಕಾಗದ ಅಂದರೆ ಒಲೆ ಹಚ್ಚುವ ಸಾಮಾನು. ಕೇಳಿದರೆ "ಎಲ್ಲೋ ಐತೆ" ಅನ್ನುತ್ತಾರೆ. ಅಂಥವರಿಗೆ ಒಂದು ಸಲ ಬಿಸಿ ಮುಟ್ಟಬೇಕು.

ಈ ನೋಟ್‌ಬುಕ್ಕನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಊರಿರುವುದು ತಮಿಳುನಾಡಿನಲ್ಲಾದರೂ ಈ ಮನೆಯಲ್ಲಿ ಎಲ್ಲರೂ ಕನ್ನಡ ಆಡುತ್ತಾರೆ, ಓದಲು ಬರುವುದು ನನಗೊಬ್ಬಳಿಗೇ. ಕೊಳ್ಳೇಗಾಲದ ಸೋದರಮಾವನ ಮನೆಯಲ್ಲಿದ್ದು ಏಳನೇ ಕ್ಲಾಸಿನವರೆಗೆ ಕಲಿತದ್ದು ಇದೊಂದು ಕೆಲಸಕ್ಕಾದರೂ ಬಂತು. ಯಾರನ್ನು ಎಷ್ಟು ಬೈದು ಬರೆದರೂ ನನ್ನ ಗಂಡ ಗೋವಿಂದರಾಜ್‌ಗೆ ಗೊತ್ತಾಗುವುದಿಲ್ಲ, ಅವರಮ್ಮನಿಗಂತೂ ಯಾವ ಅಕ್ಷರವೂ ಬಾರದು.

ನವೆಂಬರ್ 9, ಭಾನುವಾರ

ಕಾಲು ಊದಿಕೊಂಡಿದೆ. ಮೇಚೇರಿ ಸಂತೆಯಲ್ಲಿ ಕುರಿ ಮಾರುವ ಪೊನ್ನುಸ್ವಾಮಿಯ ಮನೆಗೆ ಇವತ್ತು ಮೂರನೇ ಸಲ. ಫಾರಮ್ಮನ್ನು ಕಿಟಕಿ ಸರಳಿಗೆ ಸಿಕ್ಕಿಸಿಟ್ಟಿದ್ದಾನೆ, ಆಡು ಅರ್ಧ ತಿಂದಿದೆ.

"ನೀನು ಈ ದೇಶದೋನು ಅಂತ ಕಾಗದ ಕೊಡಬೇಕು ಪೊನ್ನುಸ್ವಾಮಣ್ಣ" ಅಂದೆ.

"ನನ್ನ ಕುರಿನ ಕೇಳು ತಾಯಿ. ಮೇಚೇರಿ ಕುರಿ ಅಂತ ಅದ್ಕೆ ಊರಿನ ಎಸ್ರು ಐತೆ. ಅದುನ್ನ ಮೇಯ್ಸೋನ್ಗೆ ಊರಿಲ್ವಾ?"

ಸುತ್ತ ನಿಂತವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ಇನ್ನೊಂದು ಫಾರಂ ತೆಗೆದು ಮತ್ತೆ ಮೊದಲಿಂದ ತುಂಬಿದೆ. ಇವನಿಗೆ ಹುಟ್ಟಿದ ತಾರೀಕು ಗೊತ್ತಿಲ್ಲ. "ಡ್ಯಾಮ್ ತುಂಬಿ ಅರಿದ ವರ್ಷ" ಅನ್ನುತ್ತಾನೆ. ಡ್ಯಾಮ್ ಎಷ್ಟು ಸಲ ತುಂಬಿ ಹರಿದಿಲ್ಲ! ಥೂ, ಇವರ ಅಜ್ಞಾನಕ್ಕಿಷ್ಟು.

ನವೆಂಬರ್ 16, ಭಾನುವಾರ

ಇವತ್ತಿನ ಮಟ್ಟಿಗೆ ಊರಿನ ಕೆಲಸ ಮುಗಿಸಿ ಮನೆಯ ಫಾರಂ ಹಿಡಿದರೆ ಇಲ್ಲೇ ಎಡವಟ್ಟು.

ಹಳೇ ಪಟ್ಟಿಯನ್ನು ಫೋನಿನಲ್ಲಿ ತೆಗೆದೆ. ಆಗ ಮಾವ ತಿಮ್ಮಪ್ಪನವರೂ ಅವರಣ್ಣ ಪುಟ್ಟಪ್ಪನವರೂ ಒಂದೇ ಮನೆಯಲ್ಲಿದ್ದರು. ಇಬ್ಬರೂ ಈಗಿಲ್ಲ. ಪಟ್ಟಿಯಲ್ಲಿ ಮನೆ ನಂಬರಿನ ಕೆಳಗೆ ಮೊದಲ ನಾಲ್ಕು ಸಾಲು ಹೀಗಿವೆ: ಪುಟ್ಟಪ್ಪ. ಮಂಜುಳಮ್ಮ, ಗಂಡನ ಹೆಸರು ಪುಟ್ಟಪ್ಪ. ತಿಮ್ಮಪ್ಪ. ಎಲ್ಲಮ್ಮ, ಗಂಡನ ಹೆಸರು ಪುಟ್ಟಪ್ಪ.

ಎಲ್ಲಮ್ಮ ಅಂದರೆ ನನ್ನ ಗಂಡನ ತಾಯಿ. ನಮ್ಮ ಮನೆ ಮುದುಕಿ. ಅವರನ್ನು ಸ್ವಂತ ಬಾವನಿಗೆ ಎರಡನೇ ಹೆಂಡತಿ ಮಾಡಿ ಬರೆದಿದ್ದಾರೆ! ಮೊದಲು ನಗು ಬಂತು, ನಿಜ ಹೇಳುತ್ತೇನೆ. ಕೇಳಿದರೆ ಮುದುಕಿ ಹೇಳಿದ ಕಥೆ ಇದು:

"ಅವತ್ತು ಒಬ್ಬ ವಾತ್ಯಾರು ಬರ್ಕೊಳ್ಳಕ್ಕೆ ಬಂದಿದ್ದ. ನಿಮ್ಮಾವ ಸಂತೆಗೆ ಓಗಿದ್ರು. ಗಂಡನ ಎಸ್ರೇನು ಅಂದ. ನಾನೆಂಗೆ ಏಳ್ಲಿ? ತಿಣ್ಣೆ ಮೇಲೆ ಬಾವ ಕುಂತಿದ್ರು, ಅವ್ರುನ್ನ ಕೇಳಿ ಅಂತ ಕೈ ತೋರ್ಸಿ ಒಳೀಕೆ ಓದೆ."

ಆ ಮೇಷ್ಟ್ರು ಎದ್ದು ಹೋಗಿ ಕೇಳುವ ಗೋಜಿಗೇ ಹೋಗಿಲ್ಲ. ಕೈ ತೋರಿಸಿದವನನ್ನೇ ಗಂಡ ಅಂತ ಬರೆದುಕೊಂಡು ಹೋಗಿದ್ದಾನೆ. ನಮ್ಮಲ್ಲಿ ಹೆಂಗಸರು ಗಂಡನ ಹೆಸರು ಎತ್ತುವುದಿಲ್ಲ. ನಾನೇನೋ "ಗೋವಿಂದರಾಜ್" ಅಂತ ಬಸ್ಸಿನಲ್ಲೂ ಕೂಗುತ್ತೇನೆ, ಹಳಬರು ಸತ್ತರೂ ಹೇಳರು. ನಮ್ಮ ಮುದುಕಿಗೆ ತಿರುಪತಿ ದೇವರೂ "ಬೆಟ್ಟದ ಸ್ವಾಮಿ"ಯೇ, ಮಾವನ ಹೆಸರು ಬಾಯಿಗೆ ಬಂದೀತು ಅಂತ. ಆದರೆ ಇಂಥ ಮಡಿಗೆಲ್ಲ ಸರ್ಕಾರದಲ್ಲಿ ಜಾಗ ಇಲ್ಲ. ಅವತ್ತೇ ಒಂದು ಮಾತು ಬಾಯಿಬಿಟ್ಟಿದ್ದರೆ ಇವತ್ತು ನನಗೆ ಈ ತಲೆನೋವು ಇರುತ್ತಿತ್ತೇ?

"ಈಗೇನ್ ಮಾಡೋದು? ಆ ಎಲ್ಲಮ್ಮ ನಾನೇ ಅಂತ ಎಬ್ಬೆಟ್ಟು ಒತ್ತಿ, ಕೆಲ್ಸ ಮುಗೀತದೆ" ಅಂದೆ.

ಮುದುಕಿಯ ಮುಖ ಕಪ್ಪಿಟ್ಟಿತು. "ಬಾವನ ಮುಂದೆ ಒಂದಿನ ತಲೆ ಎತ್ತಿ ನಿಂತೋಳಲ್ಲ ನಾನು. ಅವ್ರ ಎಂಡ್ತಿ ಅಂತ ಎಬ್ಬೆಟ್ಟು ಒತ್ಲಾ? ಮೊದ್ಲು ಅದುನ್ನ ಅಳ್ಸು."

ಹಳೇ ಪಟ್ಟಿ ಅಳಿಸಲು ನಾನು ಯಾರು? ಗೋವಿಂದರಾಜ್ ಲಾರಿ ತೊಳೆಯುತ್ತಾ, "ಯಾವುದೋ ಒಂದು ಎಸ್ರು, ಬುಡೇ. ಓಟು ಬಂದ್ರೆ ಸಾಕು" ಅಂದರು.

ನವೆಂಬರ್ 19, ಬುಧವಾರ

ಮುದುಕಿಯ ಹೆಬ್ಬೆಟ್ಟು ತೆಗೆದುಕೊಂಡೆ. ಪಿಂಚಣಿ ಕಾಗದ ಅಂದೆ. ಒತ್ತಿದರು. ಫೋನಿನಲ್ಲಿ ಹಳೇ ಪಟ್ಟಿಯ ಎಲ್ಲಮ್ಮನಿಗೆ ಜೋಡಿಸಿದೆ, ಹಸಿರು ಗುರುತು ಬಂತು. ಮುಗೀತು.

ಡಿಸೆಂಬರ್ 2, ಮಂಗಳವಾರ

ವಾಟ್ಸಾಪ್ ಗುಂಪಿನಲ್ಲಿ ಬೆಳಿಗ್ಗೆ ಐದಕ್ಕೇ ಬೈಗುಳ ಶುರು. ಯಾರು ಎಷ್ಟು ಏರಿಸಿದರು, ಯಾರು ಹಿಂದೆ, ಯಾರ ಮೇಲೆ ಕ್ರಮ. ನನ್ನದು ತೊಂಬತ್ತೊಂದು ಪರ್ಸೆಂಟ್. ಇಳಂಗೋ ಸಾರ್ ಹೆಬ್ಬೆರಳು ಎತ್ತಿದ ಬೊಂಬೆ ಕಳಿಸಿದರು. ಖುಷಿಯಾಯಿತು, ಸುಳ್ಳೇಕೆ ಹೇಳಲಿ.

ಎಡಪ್ಪಾಡಿಯಿಂದ ಮದುವೆಯಾಗಿ ಬಂದಿರುವ ಸಂಗೀತಾ ಅನ್ನೋ ಹುಡುಗಿ ಮಗು ಎತ್ತಿಕೊಂಡು ಬಾಲವಾಡಿಗೇ ಬಂದಿದ್ದಳು. ಅವಳಪ್ಪ ಅಮ್ಮ ಮಗ್ಗ ಹುಡುಕಿಕೊಂಡು ಊರೂರು ತಿರುಗಿದವರು, ಹಳೇ ಪಟ್ಟಿಯಲ್ಲಿ ಎಲ್ಲಿಯೂ ಇಲ್ಲ. "ಅಕ್ಕಾ, ನನ್ನ ಎಸ್ರು ತೆಗುದ್ರೆ ಮಗೀನ ಎಸ್ರೂ ಓಯ್ತದಾ?" ಅಂತ ಕೇಳಿದಳು. ಮಗುವಿಗೆ ಓಟೆಲ್ಲಿದೆ, ಪೆದ್ದಿ, ಅಂದು ಕಳಿಸಿದೆ. ಆಮೇಲೆ ಮಕ್ಕಳಿಗೆ ಸಾಂಬಾರನ್ನ ಬಡಿಸುತ್ತಾ ಯಾಕೋ ಅವಳು ಕೇಳಿದ್ದೇ ಕಿವಿಯಲ್ಲಿ. ಮೊಟ್ಟೆ ಲೆಕ್ಕ ಎರಡು ಸಲ ತಪ್ಪಿತು.

ಡಿಸೆಂಬರ್ 20, ಶನಿವಾರ

ಕರಡು ಪಟ್ಟಿ ಬಂತು. ನಮ್ಮ ಮನೆಯವರೆಲ್ಲ ಇದ್ದಾರೆ, ಮುದುಕಿಯೂ. ಸಂಗೀತಾ ಇಲ್ಲ.

ಜನವರಿ 7, ಬುಧವಾರ

ಇವತ್ತು ಅರವತ್ತಮೂರು ನೋಟೀಸು ಕೊಟ್ಟರು, ಮನೆಮನೆಗೆ ಹಂಚಬೇಕಂತೆ. ಹಳೇ ಪಟ್ಟಿಗೂ ಈಗಿನದಕ್ಕೂ ಹೊಂದಿಕೆಯಾಗದವರು. ಕಂಪ್ಯೂಟರ್ ಹಿಡಿದಿದೆಯಂತೆ. ಅಪ್ಪನಿಗೂ ಮಗನಿಗೂ ವಯಸ್ಸಿನ ಅಂತರ ಸಾಲದು ಅಂತ ಒಬ್ಬನಿಗೆ. ಎಂಟು ಮಕ್ಕಳಿಗೆ ಒಬ್ಬನೇ ಅಪ್ಪ ಹೇಗೆ ಅಂತ ಇನ್ನೊಬ್ಬನಿಗೆ. ಇದನ್ನು ಕೇಳಲು ಕಂಪ್ಯೂಟರಿಗೆ ನಾಚಿಕೆಯಿಲ್ಲ, ಒಯ್ದು ಕೊಡುವ ನನಗೆ ಇರಬೇಕಲ್ಲ.

ಬಸ್ಸಿನಲ್ಲಿ ಕೂತು ಒಂದೊಂದೇ ತಿರುವಿದೆ. ನಲವತ್ತೊಂದನೆಯದು ನಮ್ಮ ಮನೆಯದು. ಎಲ್ಲಮ್ಮ, ಗಂಡನ ಹೆಸರು ಹೊಂದಿಕೆಯಾಗಿಲ್ಲ, ದಾಖಲೆಯೊಂದಿಗೆ ಹಾಜರಾಗತಕ್ಕದ್ದು. ಇಲ್ಲದಿದ್ದರೆ ಹೆಸರು ತೆಗೆಯಲಾಗುವುದು.

ಬಾಲವಾಡಿಯ ಬೇಳೆ ಡಬ್ಬದ ಕೆಳಗೆ ಇಟ್ಟಿದ್ದೇನೆ. ಪೊಂಗಲ್ ಕಳೆಯಲಿ, ನಿಧಾನವಾಗಿ ಹೇಳೋಣ.

ಜನವರಿ 10, ಶನಿವಾರ

ಹೇಳುವ ಮೊದಲೇ ಊರೇ ಹೇಳಿತು. ಪಂಚಾಯತಿ ಗೋಡೆಗೆ ಅರವತ್ತಮೂರು ಜನರದ್ದೂ ಹೆಸರು ಅಂಟಿಸಿದ್ದಾರೆ, ಕಾರಣ ಸಮೇತ! ಎಲ್ಲಮ್ಮ: ಹಳೇ ಪಟ್ಟಿಯಲ್ಲಿ ಗಂಡ ಪುಟ್ಟಪ್ಪ, ಈಗ ಗಂಡ ತಿಮ್ಮಪ್ಪ. ಹಾಲಿಗೆ ಹೋದವರು, ಬಸ್ಸಿಗೆ ನಿಂತವರು, ಎಲ್ಲರೂ ಓದಿದ್ದಾರೆ. ಚಾ ಅಂಗಡಿಯಲ್ಲಿ ಒಬ್ಬ ನನ್ನನ್ನು ನೋಡಿದ ಕೂಡಲೇ ಮೀಸೆಯಲ್ಲೇ ನಕ್ಕ. ಅವನ ಬಾಯಿಗೆ ಮಣ್ಣು ಹಾಕ.

ಪಕ್ಕದ ಮನೆಯ ಮಂಜುಳಮ್ಮ, ಪುಟ್ಟಪ್ಪನವರ ನಿಜವಾದ ಹೆಂಡತಿ, ನನಗೆ ದೊಡ್ಡತ್ತೆ, ಎಂಬತ್ತು ವರ್ಷ, ಸೊಂಟಕ್ಕೆ ಕೈ ಕೊಟ್ಟುಕೊಂಡು ಬಂದರು. "ಏನೇ ಎಲ್ಲಮ್ಮ, ನಂಗೆ ಗೊತ್ತಿಲ್ದಂಗೆ ನನ್ನ ಮನೆಯವ್ರುನ್ನ ನೀನೂ ಕಟ್ಕೊಂಡಿದ್ಯಾ? ಒಂದು ಮಾತು ಏಳಿದ್ರೆ ಪೂರಾ ನಿಂಗೇ ಕೊಡ್ತಿದ್ನಲ್ಲೇ, ಆ ಗೊರಕೆ ತಪ್ತಿತ್ತು!"

ತಮಾಷೆಗೆ ಅಂದದ್ದು. ಓರಗಿತ್ತಿಯರಿಬ್ಬರೂ ಅರವತ್ತು ವರ್ಷ ಒಂದೇ ಒಲೆಯಲ್ಲಿ ಬೇಯಿಸಿದವರು. ಮುದುಕಿ ನಗಲಿಲ್ಲ. ಸೆರಗು ತಲೆ ಮೇಲೆ ಎಳೆದುಕೊಂಡು ಗೋಡೆ ಕಡೆ ತಿರುಗಿ ಕೂತರು. ದೊಡ್ಡತ್ತೆಗೆ ಆಗಲೇ ತಾವು ಆಡಬಾರದ್ದು ಆಡಿದ್ದು ಗೊತ್ತಾಗಿ, "ಅಯ್ಯೋ, ನಾನು ಸುಮ್ಕೆ ಅಂದೆ ಕಣೇ" ಅಂತ ಪಕ್ಕದಲ್ಲೇ ಕುಸಿದು ಕೂತರು.

ಸ್ವಲ್ಪ ಹೊತ್ತಿನ ಮೇಲೆ ಮುದುಕಿ ನನ್ನನ್ನು ಕರೆದರು.

"ವಾಣಿ. ಅವತ್ತು ಪಿಂಚಣಿಗೆ ಅಂದ್ಯಲ್ಲ?"

ಬೈಯಲಿಲ್ಲ, ಅಳಲಿಲ್ಲ, ಅಷ್ಟೇ ಕೇಳಿದರು. ನಾನು ಎದ್ದು ಒಲೆ ಮುಂದೆ ಹೋಗಿ ಕೂತೆ. ಸಾಯಂಕಾಲ ಅವರಿಗೆ ಅಂತ ಮಾಡಿದ ರಾಗಿಕಳಿ ಹಾಗೇ ಉಳಿಯಿತು.

ಜನವರಿ 12, ಸೋಮವಾರ

ಎರಡು ದಿನದಿಂದ ಅತ್ತೆ ಬೀದಿಗೆ ಕಾಲಿಟ್ಟಿಲ್ಲ. "ಓಟು ಓದ್ರೆ ಓಗ್ಲಿ ಬುಡಿ ಅತ್ತೆ, ಈ ವಯಸ್ಸಿಗೆ ಏನಾಗ್ಬೇಕಾಗೈತೆ?" ಅಂದೆ. ಸಮಾಧಾನಕ್ಕೆ ಅಂದದ್ದು.

"ನಿಂಗೇನು ಗೊತ್ತು?" ಅಂದರು. "ಈ ಮನೇಲಿ ಏನು ಬೇಯಿಸ್ಬೇಕು ಅಂತ ನಮ್ಮತ್ತೆ ಏಳ್ತಿದ್ರು. ಯಾವ ಎಣ್ಣು ತರ್ಬೇಕು ಅಂತ ಬಾವ ಏಳ್ತಿದ್ರು. ನಂಗೆಷ್ಟು ಮಕ್ಳು ಸಾಕು ಅಂತ ನರ್ಸಮ್ಮ ಏಳಿದ್ಲು. ಓಟಾಕೋ ಆ ರಟ್ಟಿನ ಮರೇಲಿ ಒಬ್ರೂ ನಂಗೆ ಏಳಾಕಾಗಲ್ಲ. ನಿಮ್ಮಾವ ಕೇಳ್ತಿದ್ರು, ಯಾವುದ್ಕೆ ಒತ್ತಿದೆ ಅಂತ. ಸಾಯೋಗಂಟ ಏಳ್ಲಿಲ್ಲ ನಾನು."

ಇಪ್ಪತ್ತು ವರ್ಷದಿಂದ ಈ ಹೆಂಗಸಿನ ಜೊತೆ ಬದುಕಿದ್ದೇನೆ. ಇಷ್ಟು ಮಾತು ಒಟ್ಟಿಗೆ ಆಡಿದ್ದನ್ನು ಕೇಳಿರಲಿಲ್ಲ.

ಮಾವ ಅತ್ತೆಯ ಮದುವೆಗೆ ಕಾಗದ ಇಲ್ಲ. ಜಮೀನು ಪಟ್ಟಾ ಪುಟ್ಟಪ್ಪನವರ ಹೆಸರಿನಲ್ಲಿ. ಅತ್ತೆ ಸ್ಕೂಲಿನ ಮುಖ ನೋಡಿಲ್ಲ. ಅತ್ತೆ ಹುಟ್ಟಿದ್ದು ಪೆನ್ನಾಗರದ ಹತ್ತಿರದ ಹಳ್ಳಿಯಲ್ಲಿ, ರಾಗಿ ಕುಯ್ಲಿನ ಕಾಲದಲ್ಲಿ, ಅಷ್ಟೇ ಗೊತ್ತು. ಟ್ರಂಕು, ಹಳೇ ಸೀರೆ ಗಂಟು, ಅಟ್ಟ, ಎಲ್ಲಾ ಜಾಲಾಡಿದೆ. ಆಧಾರ್ ಇದೆ, ಅದು ಗುರುತಿಗೆ ಮಾತ್ರ ಅನ್ನುತ್ತಾರೆ. ಈ ದೇಶದಲ್ಲಿ ಎಪ್ಪತ್ತಾರು ವರ್ಷ ಬದುಕಿದ್ದಕ್ಕೆ ಒಂದು ತುಂಡು ಕಾಗದ ಸಿಗಲಿಲ್ಲ. ಅದನ್ನು ಹುಟ್ಟಿದವರು ಕೇಳಿ ಇಟ್ಟುಕೊಳ್ಳಬೇಕಿತ್ತೋ, ಸರ್ಕಾರದವರು ಕೊಡಬೇಕಿತ್ತೋ?

ನವೆಂಬರಿನಲ್ಲಿ ಜನ ಕಾಗದ ಇಡುವುದಿಲ್ಲ ಅಂತ ಬರೆದವಳು ಯಾವಳೋ.

ಜನವರಿ 21, ಬುಧವಾರ

ಮರೆಯುವ ಮೊದಲು ಬರೆದುಬಿಡುತ್ತೇನೆ.

ಮೆಟ್ಟೂರಿನ ಒಂದು ಸ್ಕೂಲಿನಲ್ಲಿ ವಿಚಾರಣೆ. ಹತ್ತು ಗಂಟೆಗೆ ಅಂದವರು ಹನ್ನೆರಡೂವರೆಗೆ ಬಂದರು. ಮುನ್ನೂರು ಜನ ವರಾಂಡದಲ್ಲಿ. ಕೋಲೂರಿದವರು, ಕಣ್ಣು ಆಪರೇಷನ್ನಿನ ಹಸಿರು ಪಟ್ಟಿ ಕಟ್ಟಿಕೊಂಡವರು. ಪೊನ್ನುಸ್ವಾಮಿ ಸಂತೆ ಬಿಟ್ಟು ಬಂದಿದ್ದ, ಒಂದೂ ತಮಾಷೆ ಮಾಡಲಿಲ್ಲ. ಎಲ್ಲರ ಕೈಯಲ್ಲೂ ಪ್ಲಾಸ್ಟಿಕ್ ಕವರು, ಕವರಿನಲ್ಲಿ ಏನೇನೋ ಬೇಡದ ಕಾಗದ. ಕರೆಂಟ್ ಬಿಲ್, ಆಸ್ಪತ್ರೆ ಚೀಟಿ, ಯಾರದೋ ಮದುವೆ ಕರೆಯೋಲೆ. ಅದನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚುತ್ತಿದ್ದರು. ನಾನು ಬಿ.ಎಲ್.ಓ. ಆದ್ದರಿಂದ ಇಳಂಗೋ ಸಾರ್ ಪಕ್ಕ ಸ್ಟೂಲಿನಲ್ಲಿ ಕೂತಿದ್ದೆ, ರಿಜಿಸ್ಟರ್ ಹಿಡಿದು.

ಅತ್ತೆಯ ಸರದಿ ಬಂತು. ಜೊತೆಗೆ ದೊಡ್ಡತ್ತೆಯೂ ಬಂದಿದ್ದರು, ಕರೆಯದೆ.

"ವೀಟ್ಟುಕ್ಕಾರರ್ ಪೇರು?" ಅಂದರು ಸಾರ್, ಯಜಮಾನರ ಹೆಸರೇನು ಅಂತ. ಅತ್ತೆ ನೆಲ ನೋಡಿದರು. ಇನ್ನೊಂದು ಸಲ ಕೇಳಿದರು, ಜೋರಾಗಿ. ಆಮೇಲೆ ನನ್ನ ಕಡೆ ತಿರುಗಿ, "ಇವರಿಗೆ ಮಾತು ಬರಲ್ವಾ?" ಅಂದರು ತಮಿಳಿನಲ್ಲಿ.

"ನಮ್ಮ ಕಡೆ ಹಳಬರು ಗಂಡನ ಹೆಸರು ಹೇಳಲ್ಲ ಸಾರ್. ಅವರು ನಮ್ಮತ್ತೆ. ಮಾವನ ಹೆಸರು..."

"ನಿಮ್ಮನ್ನ ಕೇಳಿಲ್ಲಮ್ಮ, ನೀವು ಸ್ಟಾಫು. ಅವರೇ ಹೇಳಬೇಕು. ಗಂಡನ ಹೆಸರೇ ಗೊತ್ತಿಲ್ಲದವರನ್ನ ನಾನು ಯಾರು ಅಂತ ಬರ್ಕೊಳ್ಳಲಿ?"

ಹಿಂದೆ ಯಾರೋ ಕಿಸಕ್ಕಂದರು. ಅತ್ತೆ ಮೇಜಿನ ಅಂಚು ಹಿಡಿದುಕೊಂಡರು. ದೊಡ್ಡತ್ತೆ ಅವರ ಬೆನ್ನ ಮೇಲೆ ಕೈಯಿಟ್ಟು, "ಏಳ್ಬುಡು ಎಲ್ಲಮ್ಮ. ದೇವ್ರು ಏನೂ ಅನ್ಕಳಲ್ಲ" ಅಂದರು.

"ತಿಮ್ಮಪ್ಪ" ಅಂದರು ಅತ್ತೆ.

ನಾನು ಆ ಬಾಯಲ್ಲಿ ಆ ಹೆಸರು ಕೇಳಿದ್ದೇ ಇಲ್ಲ. ಯಾರೂ ಕೇಳಿಲ್ಲ. ಮಾವ ಸಾಯುವಾಗಲೂ ಅತ್ತೆ "ಇಗಾ, ಇಲ್ನೋಡಿ" ಅಂತಲೇ ಕೂಗಿದ್ದರು. ಕಣ್ಣಿನಿಂದ ನೀರು ಇಳಿಯುತ್ತಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು. "ತಿಮ್ಮಪ್ಪನ ಎಂಡ್ತಿ ಎಲ್ಲಮ್ಮ ನಾನು" ಅಂದರು ಮತ್ತೆ.

ಸಾರ್ ಪೆನ್ನಿನ ಮುಚ್ಚಳ ಕೂಡ ತೆಗೆಯಲಿಲ್ಲ. "ಸರಿ. ಇದಕ್ಕೆ ಕಾಗದ?" ಅಂದರು.

ಇಲ್ಲ ಅಂದೆವು. "ಬಾಯಲ್ಲಿ ಹೇಳಿದ್ದೆಲ್ಲ ಸಾಕ್ಷಿ ಆಗುತ್ತಾ? ಹಾಗಾದರೆ ನಾಳೆ ಯಾವ ದೇಶದವನು ಬಂದರೂ ಹೇಳ್ತಾನೆ."

ಹಾಗಾದರೆ ಯಾಕೆ ಹೇಳಿಸಿದಿರಿ? ಅರವತ್ತು ವರ್ಷ ಬಾಯಲ್ಲಿ ಕಟ್ಟಿಟ್ಟಿದ್ದನ್ನು ಮುನ್ನೂರು ಜನರ ಮುಂದೆ ಬಿಚ್ಚಿಸಿ, ಇದು ಚಲಾವಣೆಯಿಲ್ಲ ಅನ್ನುವುದಕ್ಕಾ? ಥೂ! ಅಲ್ಲಿ ಅನ್ನಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ದೊಡ್ಡತ್ತೆ ಮುಂದೆ ಬಂದರು. "ಸ್ವಾಮಿ, ಆ ಪುಟ್ಟಪ್ಪನ ಎಂಡ್ತಿ ನಾನು. ಅವ್ರಿಗೆ ಇದ್ದುದ್ದು ನಾನೊಬ್ಳೇ. ನನ್ನೊಬ್ಳನ್ನೇ ಸುದಾರಿಸಾಕಾಗ್ದೆ ಸತ್ರು." ವರಾಂಡವೆಲ್ಲ ನಕ್ಕಿತು. ಸಾರ್ ಕೂಡ ನಕ್ಕರು. ನಕ್ಕು, ದೊಡ್ಡ ಉಪಕಾರ ಮಾಡುವವರ ಹಾಗೆ ನನಗೆ ಹೇಳಿದರು: "ಒಂದು ಕೆಲಸ ಮಾಡಿ. ತಿಮ್ಮಪ್ಪನಿಗೇ ಪುಟ್ಟಪ್ಪ ಅಂತ ಇನ್ನೊಂದು ಹೆಸರಿತ್ತು, ಇಬ್ಬರೂ ಒಬ್ಬನೇ ಅಂತ ಬರೆದು ಅಜ್ಜಿ ಕೈಲಿ ಹೆಬ್ಬೆಟ್ಟು ಒತ್ತಿಸಿ. ಬಿ.ಎಲ್.ಓ. ಅಂತ ನೀವು ಸಹಿ ಹಾಕಿ. ಎರಡು ನಿಮಿಷ."

ಇಂಕ್ ಪ್ಯಾಡ್ ಮುಂದೆ ತಳ್ಳಿದರು. ಅತ್ತೆ ನನ್ನ ಮುಖ ನೋಡಿದರು. ಈ ಸಲ ಏನು ಸುಳ್ಳು ಹೇಳುತ್ತಾಳೋ ಅನ್ನುವ ನೋಟ ಅದು.

"ಅವರು ಇಬ್ಬರು ಸಾರ್" ಅಂದೆ. "ಅಣ್ಣ ತಮ್ಮ. ನಾನು ಸಹಿ ಹಾಕಲ್ಲ. ನವೆಂಬರಿನಲ್ಲಿ ಇವರ ಹೆಬ್ಬೆಟ್ಟನ್ನು ಪಿಂಚಣಿಗೆ ಅಂತ ಸುಳ್ಳು ಹೇಳಿ ತಗೊಂಡಿದ್ದು ನಾನು. ಅದನ್ನೂ ಬರ್ಕೊಡ್ತೀನಿ."

ಬರೆದೇ ಕೊಟ್ಟೆ. ತಮಿಳಿನಲ್ಲಿ, ಒಂದು ಪುಟ. ಸಾರ್ ಓದಿ, ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡರು. "ಕೆಲಸ ಹೋಗುತ್ತಮ್ಮ, ಹುಚ್ಚು ಹಿಡಿದಿದೆಯಾ? ಇದನ್ನ ನಾನು ನೋಡಿಲ್ಲ. ನಾನೇ ಏನಾದರೂ ಮಾಡ್ತೀನಿ, ಹೋಗಿ."

ಬಸ್ಸಿನಲ್ಲಿ ಅತ್ತೆ ಕಿಟಕಿ ಪಕ್ಕ, ನಾನು ನಡುವೆ, ದೊಡ್ಡತ್ತೆ ಆಚೆ. ಮೇಚೇರಿ ಬಂದಾಗ ಅತ್ತೆ ಇಳಿಯಲು ನನ್ನ ಭುಜ ಹಿಡಿದುಕೊಂಡರು.

ಫೆಬ್ರವರಿ 24, ಮಂಗಳವಾರ

ಕೊನೆಯ ಪಟ್ಟಿ ಬಂತು. ಮೊದಲು ಅತ್ತೆಯ ಹೆಸರು ಹುಡುಕಿದೆ. ಇದೆ.

ಎಲ್ಲಮ್ಮ. ಗಂಡನ ಹೆಸರು ಪುಟ್ಟಪ್ಪ.

ಹಳೇ ತಪ್ಪನ್ನು ಸರಿಮಾಡುವ ಬದಲು ಹೊಸದನ್ನೇ ಹಳೇ ತಪ್ಪಿಗೆ ಹೊಂದಿಸಿಬಿಟ್ಟಿದ್ದಾರೆ. ಈಗ ಕಂಪ್ಯೂಟರಿಗೆ ಎರಡೂ ಒಂದೇ, ತಕರಾರಿಲ್ಲ. ಇಳಂಗೋ ಸಾರಿಗೆ ಫೋನ್ ಮಾಡಿದೆ. "ನಿಮ್ಮತ್ತೆ ಓಟು ಉಳಿಸಿಕೊಟ್ಟಿದ್ದೀನಲ್ಲಮ್ಮ! ಸಂತೋಷಪಡಿ. ಎಷ್ಟೋ ಜನರದ್ದು ಹೋಗೇ ಹೋಗಿದೆ" ಅಂದರು. ಆ ಮನುಷ್ಯ ನಿಜಕ್ಕೂ ಉಪಕಾರ ಮಾಡಿದ್ದೇನೆ ಅಂತಲೇ ನಂಬಿದ್ದಾನೆ. ಅದೇ ನನಗೆ ಹೆಚ್ಚು ಹೇಸಿಗೆ.

ಪೊನ್ನುಸ್ವಾಮಿಯ ಹೆಸರು ಇಲ್ಲ.

ಅತ್ತೆಗೆ ಹೇಳದೇ ಇರಬಹುದಿತ್ತು. ಓದಲು ಬಾರದವರು. ಗೋವಿಂದರಾಜ್ ಅದನ್ನೇ ಅಂದರು, "ಐತೆ ಅಂತ ಏಳು, ಸಾಕು." ನಾನು ಒಳಗೆ ಹೋಗಿ ಇದ್ದದ್ದು ಇದ್ದಂತೆ ಓದಿ ಹೇಳಿದೆ. ಅತ್ತೆ, "ಅರ್ಜಿ ಕೊಡು. ಎಷ್ಟು ಸಲ ಆದ್ರೂ ಕೊಡು" ಅಂದರು.

ಮಾರ್ಚ್ 3, ಮಂಗಳವಾರ

ತಿದ್ದುಪಡಿ ಅರ್ಜಿ ಕೊಟ್ಟೆ. ಪೊನ್ನುಸ್ವಾಮಿಯದೂ ಸಂಗೀತಾಳದೂ ನಾನೇ ತುಂಬಿದೆ. ಮೇಚೇರಿ ಕುರಿ ಅಂತ ಇವನು ಮತ್ತೆ ಶುರು ಮಾಡಿದ, ಈ ಸಲ ನಕ್ಕೆ.

ಮಾರ್ಚ್ 19, ಗುರುವಾರ

"ಸ್ಟಾಫ್ ಆಗಿದ್ದುಕೊಂಡು ಜನರನ್ನು ಎತ್ತಿಕಟ್ಟುತ್ತಿದ್ದೀರಿ ಎಂದು ದೂರು ಬಂದಿದೆ" ಅಂತ ಮೆಮೋ. ಉತ್ತರ ಬರೆದೆ. ಒಂದೇ ಸಾಲು: ಅರ್ಜಿ ತುಂಬಿಕೊಟ್ಟಿದ್ದೇನೆ, ಇನ್ನೂ ತುಂಬುತ್ತೇನೆ. ಗೋವಿಂದರಾಜ್ ಎರಡು ದಿನ ಮುಖ ಊದಿಸಿಕೊಂಡಿದ್ದರು.

ಏಪ್ರಿಲ್ 2, ಗುರುವಾರ

ಫೋನಿಗೆ ಸಂದೇಶ: ಎಲ್ಲಮ್ಮನವರ ತಿದ್ದುಪಡಿ ಅರ್ಜಿ ಸ್ವೀಕರಿಸಲಾಗಿದೆ. ಓದಿ ಹೇಳಿದೆ. ಅತ್ತೆ ಮೊದಲ ಸಲ ನನ್ನ ತಲೆ ಸವರಿದರು. ದೊಡ್ಡತ್ತೆ ಬಂದು, "ಅಂತೂ ನಮ್ಮನೆಯವ್ರುನ್ನ ನಂಗೆ ವಾಪಸ್ ಕೊಟ್ಯಾ" ಅಂದರು. ಅತ್ತೆ ನಕ್ಕರು.

ಏಪ್ರಿಲ್, ಓಟಿನ ದಿನ

ಅತ್ತೆ ನಾಲ್ಕು ಗಂಟೆಗೇ ಎದ್ದು ತಲೆಗೆ ನೀರು ಹಾಕಿಕೊಂಡಿದ್ದರು. ಮದುವೆಗೆ ಅಂತ ಇಟ್ಟಿದ್ದ ಹಸಿರು ಸೀರೆ. ಏಳು ಗಂಟೆಗೆ ಬಾಗಿಲು ತೆಗೆಯುವ ಮೊದಲೇ ಸಾಲಿನಲ್ಲಿ ಮೊದಲು ನಿಂತಿದ್ದರು, ಹಿಂದೆ ದೊಡ್ಡತ್ತೆ. ನಾನು ಬಾಗಿಲ ಹೊರಗೆ ಮೇಜು ಹಾಕಿಕೊಂಡು ಪಟ್ಟಿಯಲ್ಲಿ ನಂಬರ್ ಹುಡುಕಿಕೊಡುತ್ತಿದ್ದೆ. ಕೊಠಡಿಯೊಳಗೆ ಕಾಣುತ್ತಿತ್ತು, ಕೇಳಿಸುತ್ತಿತ್ತು.

ಒಳಗೆ ಮೊದಲು ಕೂತವನು ಹೆಸರನ್ನು ಗಟ್ಟಿಯಾಗಿ ಓದಬೇಕು, ಪಕ್ಷಗಳ ಏಜೆಂಟರು ಗುರುತು ಹಾಕಿಕೊಳ್ಳಲು. ಅದು ಯಾವಾಗಲೂ ನಡೆಯುವ ಪದ್ಧತಿ. ಅವನು ಓದಿದ.

"ಎಲ್ಲಮ್ಮ, ಗಂಡ ಪುಟ್ಟಪ್ಪ."

ಅರ್ಜಿ ಸ್ವೀಕರಿಸಿದ್ದೇವೆ ಅಂದರೆ ಕೈಗೆ ತೆಗೆದುಕೊಂಡಿದ್ದೇವೆ ಅಂತ ಮಾತ್ರವಂತೆ. ತಿದ್ದಿದ್ದೇವೆ ಅಂತ ಅಲ್ಲವಂತೆ. ಇದು ನನಗೆ ಮಧ್ಯಾಹ್ನ ಗೊತ್ತಾಯಿತು. ಆಗ ಗೊತ್ತಿರಲಿಲ್ಲ. ನಾನು ಎದ್ದು ಬಾಗಿಲವರೆಗೆ ಓಡಿದೆ. ಪೊಲೀಸಿನವ ಅಡ್ಡ ನಿಂತ.

ಒಳಗಿನವನು ಬೆರಳು ಕೊಡಿ ಅಂದ, ಮಸಿ ಹಚ್ಚಲು. ಅತ್ತೆ ಕೈಯನ್ನು ಸೆರಗಿನೊಳಕ್ಕೆ ಎಳೆದುಕೊಂಡರು.

"ಆ ಎಲ್ಲಮ್ಮ ಬಂದ್ರೆ ಓಟು ಆಕ್ಸ್ಕೊಳ್ಳಿ. ನಾನು ತಿಮ್ಮಪ್ಪನ ಎಂಡ್ತಿ."

ಅಮ್ಮಾ, ನೀವೇ ಅಲ್ವಾ, ಫೋಟೋ ನಿಮ್ಮದೇ ಇದೆಯಲ್ಲ, ಬನ್ನಿ, ಅಂತ ಒಳಗೆ ಕೂತ ಅಧಿಕಾರಿಗಳೆಲ್ಲ ಕರೆದರು. ಒಬ್ಬ ಏಜೆಂಟು ಕೈಮುಗಿದ, ಅವನಿಗೆ ಓಟು ಹೋಗುತ್ತಲ್ಲ ಅನ್ನುವ ಸಂಕಟ. ಅತ್ತೆ ತಿರುಗಿ ನೋಡಲಿಲ್ಲ. ಆ ರಟ್ಟಿನ ಮರೆ ನಾಲ್ಕು ಹೆಜ್ಜೆ ದೂರದಲ್ಲಿತ್ತು. ಅದರ ಕಡೆ ಒಂದೇ ಒಂದು ಸಲ ನೋಡಿ, ಹೊರಗೆ ಬಂದು, ಬಿಸಿಲಿನಲ್ಲಿ ಒಬ್ಬರೇ ಮನೆ ಕಡೆ ನಡೆದರು. ದೊಡ್ಡತ್ತೆಯೂ ಸಾಲು ಬಿಟ್ಟು ಅವರ ಹಿಂದೆ ಹೋದರು.

ಸಂಜೆ ಆರಕ್ಕೆ ಬಾಗಿಲು ಹಾಕಿದರು. ಇಳಂಗೋ ಸಾರ್ ಬಂದು, ನಿಮ್ಮ ಬೂತು ಎಂಬತ್ತೆರಡು ಪರ್ಸೆಂಟು, ತಾಲೂಕಿನಲ್ಲೇ ಜಾಸ್ತಿ, ಅಂತ ಎಲ್ಲರೆದುರು ಹೊಗಳಿದರು. ಆಮೇಲೆ ಒಂದು ಹಾಳೆ ಕೊಟ್ಟು, ಓಟು ಹಾಕದವರ ಹೆಸರಿನ ಮುಂದೆ ಕಾರಣ ತುಂಬಿ ಕೊಡಿ ಅಂದರು. ಊರಲ್ಲಿಲ್ಲ, ಸತ್ತಿದ್ದಾರೆ, ಬರಲಿಲ್ಲ, ಮೂರರಲ್ಲಿ ಒಂದಕ್ಕೆ ಗುರುತು.

ಉಳಿದವರದ್ದೆಲ್ಲ ತುಂಬಿದೆ. ನಮ್ಮತ್ತೆಯ ಸಾಲು ಬಂತು, ಅದರ ಕೆಳಗೇ ದೊಡ್ಡತ್ತೆಯದು. ಊರಲ್ಲೇ ಇದ್ದಾರೆ. ಬದುಕಿದ್ದಾರೆ. ಬಂದಿದ್ದರು, ಎಲ್ಲರಿಗಿಂತ ಮೊದಲು ಬಂದಿದ್ದರು.

ಹಾಳೆ ವಾಪಸ್ ಕೊಡಲಿಲ್ಲ. ಇಲ್ಲೇ ಇದೆ.